ಎಂಟಾಣೆಯ ವಿಕೆಟ್ಟು

ಗೋಗಿಯ ದರ್ಗಾದ ಆವರಣದಲ್ಲಿ, ಸೂಫಿ ಸಂತ ಚಂದಾ ಹುಸೇನಿಯವರ ಸನ್ನಿಧಿಯಲ್ಲಿ, ಬಿಜಾಪುರದ ಮೊದಲ ನಾಲ್ವರು ಆದಿಲಶಾಹಿ ಅರಸರು ಮಲಗಿದ್ದಾರೆ. ಗೋಳಗುಮ್ಮಟವನ್ನು ಕಂಡು ಬಂದ ಕಣ್ಣಿಗೆ ಈ ಸಮಾಧಿಗಳು ತೀರ ಸಾದಾ ಎನಿಸುತ್ತವೆ. ಅವರಲ್ಲಿ ಮೊದಲನೆಯವನಾದ ಯೂಸುಫನು ಪರದೇಶದಿಂದ ಬೀದರಿಗೆ ಬಂದು, ಪರರ ಚಾಕರಿಯಲ್ಲಿ ಬೆಳೆದು, ಕೊನೆಗೆ ಸ್ವಂತ ರಾಜ್ಯವೊಂದನ್ನು ಕಟ್ಟಿದವನು. ಅವನ ಮೊಮ್ಮಗ ಮಲ್ಲೂ 1534ರಲ್ಲಿ ಎಳೆಯ ವಯಸ್ಸಿಗೇ ಸಿಂಹಾಸನವನ್ನೇರಿದನು. ಭೋಗದಲ್ಲಿ ಮುಳುಗಿ, ಕೆಲವೇ ತಿಂಗಳಲ್ಲಿ ಸಿಂಹಾಸನವನ್ನೂ ಕಣ್ಣುಗಳನ್ನೂ ಕಳೆದುಕೊಂಡನು. ಅವನನ್ನು ಇಳಿಸಲು ಮನಸ್ಸು ಮಾಡಿದವಳು ಸ್ವಂತ ಅಜ್ಜಿಯೇ ಎಂದು ಚರಿತ್ರಕಾರರು ಬರೆದಿದ್ದಾರೆ. ದುಡಿದು ಗಳಿಸಿದ ಅಜ್ಜ, ಕೂತು ಕಳೆದ ಮೊಮ್ಮಗ: ಮೇಷ್ಟರಾದವರಿಗೆ ಇದಕ್ಕಿಂತ ಒಳ್ಳೆಯ ಕಥೆ ಬೇಕೆ? ನಾನೂ ಇದನ್ನು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ.

2024ರ ನವೆಂಬರಿನಲ್ಲಿಯೂ ಒಮ್ಮೆ ಹೇಳಿದೆ. ಜೆಡ್ಡಾ ನಗರದಲ್ಲಿ ಐ.ಪಿ.ಎಲ್. ಆಟಗಾರರ ಹರಾಜು ನಡೆದು, ಬಿಹಾರದ 13 ವರ್ಷದ ಹುಡುಗನೊಬ್ಬನಿಗೆ 1 ಕೋಟಿ 10 ಲಕ್ಷ ರೂಪಾಯಿ ಬಿದ್ದ ಸುದ್ದಿ ಆಗ ಹುಡುಗರ ಬಾಯಲ್ಲೆಲ್ಲ ಇತ್ತು. ಮೀಸೆ ಮೂಡುವ ಮುನ್ನವೇ ಇಷ್ಟು ಹಣ ಬಂದರೆ ಮುಂದೆ ಓಡಬೇಕು, ಬೆವರಬೇಕು ಎಂಬ ಹಂಬಲವಾದರೂ ಎಲ್ಲಿಂದ ಬಂದೀತು ಎಂದು ನಾನು ಮಲ್ಲೂವಿನ ಉದಾಹರಣೆ ಕೊಟ್ಟೆ. ಹಿಂದಿನ ಬೆಂಚಿನಿಂದ ಒಬ್ಬ ವಿದ್ಯಾರ್ಥಿ ಎದ್ದು ನಿಂತ. ಅವನ ತಂದೆ ತಾಯಿ ವರ್ಷದಲ್ಲಿ ಅರ್ಧ ಕಾಲ ಗುಳೆ ಹೋಗುವವರು. ಹಣ ಬಂದವರು ಕೆಟ್ಟ ಕಥೆ ಹೇಳಿದಿರಿ, ಹಣವೇ ಬಾರದೆ ಆಡಿದವನೊಬ್ಬನ ಕಥೆಯನ್ನೂ ಹೇಳಿ ಎಂದು ಅವನು ಕೇಳಿದ. ಮಾತಿನಲ್ಲಿ ಉದ್ಧಟತನವೇನೂ ಇರಲಿಲ್ಲ. ಆದರೂ ನನಗೆ ಆ ದಿನ ಉತ್ತರ ಹೊಳೆಯಲಿಲ್ಲ.

ಆ ಉತ್ತರವನ್ನು ಹುಡುಕುತ್ತ ಹೋದಾಗ ಸಿಕ್ಕವರು ಪಾಲವಣಕರ ಬಾಳೂ. ಭಾರತದ ಮೊದಲ ದೊಡ್ಡ ಬೌಲರ್ ಎಂದು ಕ್ರಿಕೆಟ್ಟಿನ ಚರಿತ್ರೆ ಬರೆದವರು ಅವರನ್ನು ಕೊಂಡಾಡಿದ್ದಾರೆ. ಅವರು ಹುಟ್ಟಿದ್ದು ನಮ್ಮ ಧಾರವಾಡದಲ್ಲಿ, 1876ರಲ್ಲಿ, ಎಂಬುದನ್ನು ಧಾರವಾಡದವರೇ ಅಷ್ಟಾಗಿ ಬಲ್ಲರೆಂದು ನನಗೆ ತೋರುವುದಿಲ್ಲ. ಮನೆತನದ ಹೆಸರು ಕೊಂಕಣದ ಊರೊಂದರಿಂದ ಬಂದದ್ದು. ಜಾತಿಯಿಂದ ಅವರು ಮರಾಠಿಯಲ್ಲಿ ಚಾಂಭಾರರೆಂದೂ ನಮ್ಮ ಕಡೆ ಸಮಗಾರರೆಂದೂ ಕರೆಯುವ ಸಮುದಾಯದವರು; ಅಂದಿನ ಸಮಾಜ ಅಸ್ಪೃಶ್ಯರೆಂದು ಹೊರಗಿಟ್ಟಿದ್ದವರು. ತಂದೆಗೆ ಸೈನ್ಯದಲ್ಲಿ ಕೆಲಸ. ಆ ಕೆಲಸದ ಬೆನ್ನು ಹಿಡಿದು ಸಂಸಾರ ಪುಣೆಗೆ ಹೋಯಿತು.

ಪುಣೆಯ ದಂಡಿನ ಪ್ರದೇಶದಲ್ಲಿ ಇಂಗ್ಲಿಷ್ ಅಧಿಕಾರಿಗಳು ಆಡುತ್ತಿದ್ದರು. ಅವರು ಸವೆಸಿ ಬಿಟ್ಟ ಬ್ಯಾಟು, ಚೆಂಡುಗಳೇ ಬಾಳೂ ಮತ್ತು ಅವನ ತಮ್ಮ ಶಿವರಾಮನಿಗೆ ಮೊದಲ ಸಾಮಗ್ರಿ. ಓದು ಬಹಳ ದೂರ ಸಾಗಲಿಲ್ಲ. ಹುಡುಗನಿಗೆ ದೊರೆತ ಮೊದಲ ನೌಕರಿಯೂ ಮೈದಾನದ್ದೇ: ಪಾರಸಿಗಳ ಕ್ಲಬ್ಬೊಂದರಲ್ಲಿ ಪಿಚ್ಚನ್ನು ಗುಡಿಸುವುದು, ರೋಲರ್ ಎಳೆಯುವುದು, ಸದಸ್ಯರು ಅಭ್ಯಾಸಕ್ಕೆ ಬಂದಾಗ ಆಗೀಗ ಅವರಿಗೆ ಚೆಂಡು ಹಾಕುವುದು. ತಿಂಗಳಿಗೆ 3 ರೂಪಾಯಿ ಸಂಬಳ. 1892ರ ಸುಮಾರಿಗೆ ಅವನು ಯುರೋಪಿಯನ್ನರ ಪೂನಾ ಕ್ಲಬ್ಬಿಗೆ ಸೇರಿದಾಗ ಸಂಬಳ 4 ರೂಪಾಯಿಯಾಯಿತು. ಬಲೆ ಕಟ್ಟುವುದು, ಗೆರೆ ಎಳೆಯುವುದು, ಪಿಚ್ಚನ್ನು ಅಣಿಗೊಳಿಸುವುದು ಅಲ್ಲಿನ ಕೆಲಸ. ಹುಡುಗ ಎಡಗೈಯಲ್ಲಿ ಚೆಂಡು ಹಾಕುವ ಸೊಗಸನ್ನು ಒಬ್ಬ ಇಂಗ್ಲಿಷ್ ಆಟಗಾರ ಕಂಡು, ಅಭ್ಯಾಸದ ವೇಳೆ ಅವನನ್ನು ಬೌಲಿಂಗಿಗೆ ನಿಲ್ಲಿಸಿದ.

ಆ ಕ್ಲಬ್ಬಿನ ಹೆಸರಾಂತ ದಾಂಡಿಗ ಕ್ಯಾಪ್ಟನ್ ಗ್ರೇಗ್. ಇಂಗ್ಲೆಂಡಿನ ಹ್ಯಾಂಪ್‌ಷೈರ್ ಕೌಂಟಿಗೂ ಆಡಿದವನು. (ಈ ಸೈನ್ಯಾಧಿಕಾರಿ ಮುಂದೆ ಪಾದ್ರಿಯಾದನೆಂಬುದು ಬೇರೆಯೇ ಒಂದು ಸೋಜಿಗ.) ಇತರರು ಬರುವುದಕ್ಕೆ ಒಂದು ಗಂಟೆ ಮೊದಲೇ ಅವನು ಮೈದಾನಕ್ಕೆ ಬಂದು ಬಾಳೂ ಕೈಯಿಂದ ಚೆಂಡು ಹಾಕಿಸಿಕೊಳ್ಳುತ್ತಿದ್ದನಂತೆ. ತನ್ನನ್ನು ಔಟ್ ಮಾಡಿದ ಪ್ರತಿ ಸಲಕ್ಕೂ ಎಂಟಾಣೆ ಕೊಡುತ್ತಿದ್ದನೆಂಬ ಕಥೆ ಪುಣೆಯಲ್ಲಿ ಬಹುಕಾಲ ಓಡಾಡುತ್ತಿತ್ತು. ಕಥೆ ನಿಜವಾದರೆ ಲೆಕ್ಕ ಸರಳ: ಗ್ರೇಗ್‌ನನ್ನು ಎಂಟು ಸಲ ಔಟ್ ಮಾಡಿದರೆ ಒಂದು ತಿಂಗಳ ಸಂಬಳ.

ಆಟಕ್ಕೂ ಹಣಕ್ಕೂ ಇರುವ ನಂಟಿನ ಕುರಿತು ಯೋಚಿಸುವವರಿಗೆ ಈ ಎಂಟಾಣೆ ಬಹಳ ಬೆಲೆಯುಳ್ಳದ್ದು. ಮೇಲ್ನೋಟಕ್ಕೆ ಬಡವನ ಛಲಕ್ಕೆ ಆಸೆ ತೋರಿಸಿದ ನಾಣ್ಯ ಅದು. ಅದೇ ಅವನನ್ನು ಬೆಳೆಸಿತು ಎನ್ನಬಹುದು. ನಾನೂ ಮೊದಲು ಹಾಗೆಯೇ ಓದಿಕೊಂಡೆ. ಆಮೇಲೆ ಕಂಡದ್ದು ಬೇರೆ. ವರ್ಷಗಟ್ಟಲೆ, ದಿನವೂ ಗಂಟೆಗಟ್ಟಲೆ ಚೆಂಡು ಹಾಕಿದ ಈ ಹುಡುಗನ ಕೈಗೆ ಆ ಕ್ಲಬ್ಬಿನವರು ಒಂದು ದಿನವೂ ಬ್ಯಾಟು ಕೊಡಲಿಲ್ಲ. ಬೌಲಿಂಗು ದುಡಿಮೆ, ಬ್ಯಾಟಿಂಗು ದೊರೆತನ ಎಂಬುದು ಅಲ್ಲಿನ ಅಲಿಖಿತ ನಿಯಮ. ಎಂಟಾಣೆ ಕೊಟ್ಟ ಕೈ ಅವಕಾಶದ ಅರ್ಧವನ್ನು ತನ್ನಲ್ಲೇ ಇಟ್ಟುಕೊಂಡಿತ್ತು. ಒಂದೇ ಗುರಿಯ ಮೇಲೆ ಸಾವಿರಾರು ಚೆಂಡು ಬಿದ್ದು, ಚೆಂಡನ್ನು ಎರಡೂ ಕಡೆಗೆ ತಿರುಗಿಸುವ, ಗಾಳಿಯಲ್ಲಿ ತಡೆದು ಬೀಳಿಸುವ ಹಿಡಿತ ಬೆರಳಿಗೆ ಬಂದದ್ದೇನೋ ನಿಜ. ಅದು ಬಡತನದ ಕೊಡುಗೆಯಲ್ಲ, ಅಭ್ಯಾಸದ ಕೊಡುಗೆ. ಬಡತನ ಕೊಟ್ಟದ್ದು ರೋಲರನ್ನು.

ಈ ಬೌಲರನ ಸುದ್ದಿ ಪುಣೆಯ ಹಿಂದೂ ಕ್ಲಬ್ಬಿನವರ ಕಿವಿಗೆ ಬಿತ್ತು. ಯುರೋಪಿಯನ್ನರನ್ನು ಸೋಲಿಸಬೇಕೆಂಬ ಆಸೆ ಅವರಿಗೆ. ಹಾಗೆ ಸೋಲಿಸಬಲ್ಲ ಕೈ ಇದ್ದದ್ದು ಸಮಗಾರನಲ್ಲಿ. ಚರ್ಚೆ ನಡೆಯಿತು. ತೆಲುಗು ಮೂಲದ ಕೆಲವರು ಒಪ್ಪಿದರು, ಪುಣೆಯ ಬ್ರಾಹ್ಮಣರಲ್ಲಿ ಹಲವರು ಹಿಂಜರಿದರು. ಕೊನೆಗೆ ಬಾಳೂ ಅವರನ್ನು ತಂಡಕ್ಕೆ ಸೇರಿಸಿಕೊಂಡರು. ಮೈದಾನದಲ್ಲಿ ಅವರು ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟಿದರು. ಚಹಾದ ವೇಳೆಗೆ ಮಾತ್ರ ಅವರು ಪೆವಿಲಿಯನ್ನಿನ ಹೊರಗೆ ನಿಲ್ಲಬೇಕು. ಅವರ ಚಹಾ ಎಸೆದುಬಿಡುವ ಮಣ್ಣಿನ ಕುಡಿಕೆಯಲ್ಲಿ. ಉಳಿದವರದು ಪಿಂಗಾಣಿ ಬಟ್ಟಲಿನಲ್ಲಿ. ಊಟಕ್ಕೆ ಬೇರೆ ತಟ್ಟೆ, ಬೇರೆ ಜಾಗ. ಕೈ ತೊಳೆಯಲು ನೀರು ಹಾಕುವವನೂ ಅಸ್ಪೃಶ್ಯ ಆಳೇ ಆಗಬೇಕು. ಪುಣೆಯಲ್ಲೂ ಸಾತಾರೆಯಲ್ಲೂ ಯುರೋಪಿಯನ್ ತಂಡಗಳು ಅವರ ಬೌಲಿಂಗಿಗೆ ಬಿದ್ದವು. ಮಹಾದೇವ ಗೋವಿಂದ ರಾನಡೆಯವರು ಸಭೆಯೊಂದರಲ್ಲಿ, ಜತೆಯಲ್ಲಿ ಆಡಬಹುದಾದರೆ ಜತೆಯಲ್ಲಿ ಉಣ್ಣಲೂಬಹುದೆಂಬ ಅರ್ಥದಲ್ಲಿ ತಂಡದವರಿಗೆ ಬುದ್ಧಿ ಹೇಳಿದರೆಂದು ಬಲ್ಲವರು ದಾಖಲಿಸಿದ್ದಾರೆ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ಪ್ಲೇಗಿನ ವರ್ಷಗಳಲ್ಲಿ, ಬಾಳೂ ಮುಂಬಯಿಗೆ ಬಂದರು. ಅಲ್ಲಿನ ಹಿಂದೂ ಜಿಮಖಾನಾದಲ್ಲಿಯೂ ಅವರನ್ನು ಸೇರಿಸಿಕೊಳ್ಳುವ ಬಗೆಗೆ ಆಕ್ಷೇಪಗಳೆದ್ದು ಅಡಗಿದವು. ಮುಂಬಯಿ ಅವರಿಗೆ ಮತ್ತೊಂದನ್ನು ಕೊಟ್ಟಿತು: ನೌಕರಿ. ಮೊದಲು ಸೈನ್ಯದಲ್ಲಿ, ಮುಂದೆ ಬಿ.ಬಿ. ಅಂಡ್ ಸಿ.ಐ. ರೈಲ್ವೆಯಲ್ಲಿ. ತಿಂಗಳ ಕೊನೆಗೆ ತಪ್ಪದೆ ಬರುವ ಸಂಬಳ, ಆಡಲು ರೈಲ್ವೆಯದೇ ತಂಡ, ಯಾರ ಎಂಟಾಣೆಗೂ ಕಾಯಬೇಕಾಗದ ಬದುಕು. ಹೊಟ್ಟೆ ತುಂಬಿದರೆ ಛಲ ಸಾಯುತ್ತದೆ ಎಂಬ ನನ್ನ ತರಗತಿಯ ಸಿದ್ಧಾಂತ ನಿಜವಾಗಿದ್ದರೆ ಬಾಳೂ ಇಲ್ಲಿ ಮಂಕಾಗಬೇಕಿತ್ತು. ಆದದ್ದು ಅದಕ್ಕೆ ವಿರುದ್ಧ. ಅವರ ಹೆಸರು ದೇಶಕ್ಕೆಲ್ಲ ತಿಳಿದದ್ದೇ ಈ ಕಾಲದಲ್ಲಿ.

1906ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ಹಿಂದೂಗಳ ತಂಡ ಯುರೋಪಿಯನ್ನರನ್ನು ಎದುರಿಸಿತು. ಹಿಂದೂಗಳು 242 ಮತ್ತು 160 ಓಟ ಮಾಡಿದರೆ, ಯುರೋಪಿಯನ್ನರು 191 ಮತ್ತು 102ಕ್ಕೆ ಕುಸಿದರು. 109 ಓಟಗಳ ಗೆಲುವು. ಬಾಳೂ, ಶಿವರಾಮ ಇಬ್ಬರೂ ಆ ತಂಡದಲ್ಲಿದ್ದರು. ಆಳುವವರನ್ನು ಅವರದೇ ಆಟದಲ್ಲಿ ಮಣಿಸಿದ ಸಂಭ್ರಮ ಒಂದು ಕಡೆ. ಮುಂಬಯಿಯ ಇಂಡಿಯನ್ ಸೋಷಿಯಲ್ ರಿಫಾರ್ಮರ್ ಪತ್ರಿಕೆ ಇನ್ನೊಂದನ್ನು ಗುರುತಿಸಿತು: ಸಮಗಾರ ಸೋದರರನ್ನು ಪುಣೆ ಹೊರಗೆ ನಿಲ್ಲಿಸಿತ್ತು, ಮುಂಬಯಿ ಒಳಗೆ ಕರೆದು ಜತೆಯಲ್ಲಿ ಕೂರಿಸಿಕೊಂಡಿತು, ಈ ಗೆಲುವಿನ ನಿಜವಾದ ಹಿರಿಮೆ ಅದು ಎಂಬುದು ಆ ಪತ್ರಿಕೆಯ ಅಭಿಪ್ರಾಯವಾಗಿತ್ತು.

ಇನ್ನು 1911. ಆ ಬೇಸಗೆಯಲ್ಲಿ ಭಾರತದ ತಂಡವೊಂದು ಇಂಗ್ಲೆಂಡಿಗೆ ಹೋಯಿತು. ಪಾರಸಿಗಳು, ಹಿಂದೂಗಳು, ಮುಸಲ್ಮಾನರು ಒಟ್ಟಿಗೆ ಕೂಡಿದ ಮೊದಲ ತಂಡ ಅದು. ಅದರ ನಾಯಕ ಪಟಿಯಾಲಾದ ಮಹಾರಾಜ ಭೂಪಿಂದರ ಸಿಂಗ್, ವಯಸ್ಸು 19. ಒಂಬತ್ತನೆಯ ವಯಸ್ಸಿಗೆ, 1900ರಲ್ಲಿ, ಪಟ್ಟಕ್ಕೆ ಬಂದವನು. ಎಳೆತನದ ಐಶ್ವರ್ಯಕ್ಕೆ ಆಟದ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಉದಾಹರಣೆಯನ್ನು ನಾನು ಕಾಣೆ. ಇಂದಿನ ಹರಾಜಿನ ಕೋಟಿಗಳು ಅವನ ಖಜಾನೆಯ ಮುಂದೆ ಏನು? ತಂಡದಲ್ಲಿಯೇ, ಅದೇ ಹಡಗಿನಲ್ಲಿ, 35 ವರ್ಷದ ಬಾಳೂ. ಭುಜ ಆಗಲೇ ನೋಯತೊಡಗಿತ್ತು.

ಆ ವರ್ಷದ ಜೂನ್ 22ರಂದು ಐದನೆಯ ಜಾರ್ಜ್ ದೊರೆಯ ಪಟ್ಟಾಭಿಷೇಕ. ಮಹಾರಾಜನಿಗೆ ಔತಣಗಳು, ಭೇಟಿಗಳು, ಮೆರವಣಿಗೆಗಳು. ಮೊದಲ ದರ್ಜೆಯ 14 ಪಂದ್ಯಗಳಲ್ಲಿ ನಾಯಕ ಆಡಿದ್ದು 3. ತಂಡದ ಶ್ರೇಷ್ಠ ದಾಂಡಿಗನಾದ ಪಾರಸಿ ಮಿಸ್ತ್ರಿ ಮಹಾರಾಜನ ಆಪ್ತ ನೌಕರಿಯಲ್ಲಿದ್ದವನು. ಧಣಿಯ ಪಕ್ಕದಲ್ಲಿರಬೇಕಾಗಿ ಅವನೂ ಹೆಚ್ಚು ಆಡಲಾಗಲಿಲ್ಲ. ತಂಡ ಸೋಲಿನ ಮೇಲೆ ಸೋಲು ಕಂಡಿತು. ಇಡೀ ಪ್ರವಾಸದಲ್ಲಿ ಭಾರ ಹೊತ್ತು ನಡೆದದ್ದು ಬಾಳೂ ಅವರ ಎಡಗೈ. ಎಲ್ಲ ಪಂದ್ಯಗಳೂ ಸೇರಿ 114 ವಿಕೆಟ್. ಸರಾಸರಿ 19 ಓಟಕ್ಕಿಂತ ಕಡಿಮೆ. ಕೇಂಬ್ರಿಜ್ ವಿಶ್ವವಿದ್ಯಾಲಯದ ಮೇಲೆ ಒಂದೇ ಇನ್ನಿಂಗ್ಸಿನಲ್ಲಿ 103 ಓಟಕ್ಕೆ 8. ಕೊನೆಗೆ ಲೆಸ್ಟರ್‌ಷೈರ್, ಸಾಮರ್ಸೆಟ್ ಕೌಂಟಿಗಳ ಮೇಲೆ ಗೆಲುವು ಬಂತು. ಸಾಮರ್ಸೆಟ್ ವಿರುದ್ಧ ಔಟಾಗದೆ 113 ಓಟ ಹೊಡೆದು ಗೆಲ್ಲಿಸಿದವರು ತಮ್ಮ ಶಿವರಾಮ.

ಇಲ್ಲಿಗೆ ಕಥೆಯನ್ನು ನಿಲ್ಲಿಸಿದರೆ ನನ್ನ ಮಲ್ಲೂವಿನ ಪಾಠಕ್ಕೆ ಸಾಕ್ಷಿ ಸಿಕ್ಕಂತೆಯೇ. ಸಿರಿವಂತ ಹುಡುಗ ಔತಣಕ್ಕೆ ಹೋದ, ಬಡವ ಬೌಲಿಂಗು ಮಾಡಿದ. ಆದರೆ ಭೂಪಿಂದರ ಸಿಂಗನಿಗೆ ಅನ್ಯಾಯ ಮಾಡಬಾರದು. ಅವನು ಆಟವನ್ನು ಮರೆತವನಲ್ಲ. ಮುಂದೆಯೂ ಆಡಿದ, ಹೊಡೆತಗಾರನೆಂದು ಹೆಸರಾದ. ಚೈಲಿನ ಬೆಟ್ಟದ ಮೇಲೆ ಮೈದಾನ ಮಾಡಿಸಿದ. 1934ರಲ್ಲಿ ರಣಜಿ ಟ್ರೋಫಿಯ ಬಟ್ಟಲನ್ನು ಕೊಟ್ಟವನೂ ಅವನೇ. ಸಿರಿ ಅವನ ಆಟದ ಪ್ರೀತಿಯನ್ನು ಕೊಲ್ಲಲಿಲ್ಲ. ಆಡದೆಯೂ ನಾಯಕನಾಗಿ ಉಳಿಯುವ ಸವಲತ್ತನ್ನು ಅವನಿಗೆ ಕೊಟ್ಟಿತು, ಅಷ್ಟೆ. ಮನಸ್ಸು ಕೆಡುವುದು ಹಣದಿಂದಲೋ, ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿಲ್ಲ ಎಂಬ ಸ್ಥಿತಿಯಿಂದಲೋ? ನನಗೆ ಎರಡನೆಯದೇ ನಿಜವೆಂದು ತೋರುತ್ತದೆ. ಗೋಗಿಯ ಮಲ್ಲೂವಿನ ಕೇಡೂ ಬಹುಶಃ ಅಲ್ಲಿಯೇ ಇತ್ತು. ಬಾಳೂ ಮಾತ್ರ ಪ್ರತಿ ಚೆಂಡಿಗೂ ಲೆಕ್ಕ ಒಪ್ಪಿಸುತ್ತ ಬಂದವರು. ಅವರನ್ನು ಸೇರಿಸಿಕೊಂಡ ಪ್ರತಿಯೊಂದು ತಂಡವೂ ವಿಕೆಟ್ ಬೀಳುವವರೆಗೆ ಮಾತ್ರ ಅವರ ಜಾತಿಯನ್ನು ಮರೆಯುತ್ತಿತ್ತು.

ಇಂಗ್ಲೆಂಡಿನಿಂದ ಮರಳಿದಾಗ ಮುಂಬಯಿಯ ದಲಿತ ಸಮುದಾಯ ಅವರನ್ನು ಸನ್ಮಾನಿಸಿತು. ಆ ವರ್ಷಗಳಲ್ಲಿ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದುತ್ತಿದ್ದ ಭೀಮರಾವ್ ಅಂಬೇಡ್ಕರರಿಗೆ ಬಾಳೂ ಆದರ್ಶ ಪುರುಷ.

ಇಷ್ಟಾದರೂ ಹಿಂದೂ ತಂಡದ ನಾಯಕತ್ವ ಅವರಿಗೆ ಬರಲಿಲ್ಲ. ಬೇಡಿಕೆ ಏಳದೆ ಇರಲಿಲ್ಲ. 1913ರಲ್ಲಿ ನಾಯಕನಾದ ಎಂ.ಡಿ. ಪೈ ಸ್ವತಃ ಸನ್ಮಾನ ಸಭೆಯಲ್ಲಿ ನಿಂತು, ಈ ಗೌರವ ಹಿರಿಯರಾದ ಬಾಳೂ ಅವರಿಗೆ ಸಲ್ಲಬೇಕಿತ್ತೆಂದು ಹೇಳಿದರು. ಸೌಜನ್ಯದ ಮಾತು, ಸಮಿತಿ ಅಲುಗಲಿಲ್ಲ. 1920ರಲ್ಲಿ ಪೆಟ್ಟು ಇನ್ನೂ ಜೋರಾಗಿ ಬಿತ್ತು. ಬಾಳೂ ಅವರನ್ನು ತಂಡದಿಂದಲೇ ಕೈಬಿಟ್ಟರು. ನಾಯಕತ್ವಕ್ಕೆ ಅರ್ಹನಾಗಿದ್ದ ತಮ್ಮ ವಿಠಲನನ್ನೂ ಕಡೆಗಣಿಸಿದರು. ವಿಠಲ, ಶಿವರಾಮ ಇಬ್ಬರೂ ಜಾತಿಯ ಕಾರಣದಿಂದ ಆದ ಈ ಅವಮಾನವನ್ನು ಬಹಿರಂಗವಾಗಿ ಸಾರಿ ತಂಡದಿಂದ ಹೊರನಡೆದರು. ಆಡುವ ಅವಕಾಶವನ್ನೇ ಬಿಟ್ಟುಕೊಟ್ಟು ಮಾಡಿದ ಈ ಪ್ರತಿಭಟನೆಗೆ ಅವರಿಗೆ ಧೈರ್ಯ ಕೊಟ್ಟದ್ದೇನು? ಯಾವ ಕ್ಲಬ್ಬಿನ 4 ರೂಪಾಯಿಗೂ ಹಂಗಾಗದೆ ಬದುಕಬಲ್ಲೆವೆಂಬ ಭರವಸೆ ಅದರಲ್ಲಿ ಒಂದು ಪಾಲಾದರೂ ಇದ್ದಿರಬೇಕೆಂದು ನನ್ನ ಊಹೆ. ಕೊನೆಗೆ ಸಂಧಾನವಾಯಿತು. ಸೋದರರು ಮರಳಿದರು, ಬಾಳೂ ಉಪನಾಯಕರಾದರು. ಪಂದ್ಯದ ನಡುವೆ ಪೈ ತಾವಾಗಿ ಸ್ವಲ್ಪ ಹೊತ್ತು ಮೈದಾನದ ಹೊರಗುಳಿದು, ಆ ಅವಧಿಗಾದರೂ ಬಾಳೂ ತಂಡವನ್ನು ನಡೆಸುವಂತೆ ಮಾಡಿದರು. ಆಗ ಅವರ ವಯಸ್ಸು 44.

ಮೂರು ವರ್ಷಗಳ ಅನಂತರ, 1923ರಲ್ಲಿ, ವಿಠಲ ನಾಯಕನಾದ. ಹಿಂದೂಗಳು ಯುರೋಪಿಯನ್ನರನ್ನು ಸೋಲಿಸಿದಾಗ ಜನ ನುಗ್ಗಿ ಅವನನ್ನು ಹೆಗಲ ಮೇಲೆ ಹೊತ್ತರು. ಹೊತ್ತವರಲ್ಲಿ ಮೇಲ್ಜಾತಿಯವರೂ ಇದ್ದರು.

ರಾಜಕೀಯದಲ್ಲಿ ಬಾಳೂ ಅವರಿಗೆ ಜಯ ಒಲಿಯಲಿಲ್ಲ. 1932ರ ಪುಣೆ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಅವರೂ ಒಬ್ಬರು. 1937ರಲ್ಲಿ ಮುಂಬಯಿ ವಿಧಾನಸಭೆಗೆ ಕಾಂಗ್ರೆಸ್ಸಿನಿಂದ ನಿಂತದ್ದು, ಬೇರೆ ಯಾರ ಎದುರಿಗೂ ಅಲ್ಲ, ಒಂದು ಕಾಲಕ್ಕೆ ತಮ್ಮನ್ನು ಆರಾಧಿಸಿದ್ದ ಅಂಬೇಡ್ಕರರ ಎದುರಿಗೆ. ಅಂಬೇಡ್ಕರರಿಗೆ 13,245 ಮತ, ಬಾಳೂ ಅವರಿಗೆ 11,225. ಇಬ್ಬರ ಮಾರ್ಗಗಳೂ ಬೇರೆಯಾಗಿದ್ದವು. ಇಲ್ಲಿ ಅದನ್ನು ಬಗೆಯುತ್ತ ಕೂರುವುದು ಬೇಡ. 1955ರ ಜುಲೈ ತಿಂಗಳಲ್ಲಿ ಮುಂಬಯಿಯಲ್ಲಿ ಬಾಳೂ ತೀರಿಕೊಂಡರು.

ಇಷ್ಟನ್ನೂ ನಾನು ತರಗತಿಯಲ್ಲಿ ಹೇಳಿದೆ. ಮೊದಲು ಹೇಳಿದ್ದ ಮಾತನ್ನು ಅರ್ಧ ಹಿಂತೆಗೆದುಕೊಂಡೇ ಹೇಳಬೇಕಾಯಿತು. ಹಸಿವೇ ಆಟಗಾರನನ್ನು ಮಾಡುತ್ತದೆ ಎಂದು ತುಂಬಿದ ಹೊಟ್ಟೆಯಲ್ಲಿ ಕುಳಿತು ನುಡಿಯುವುದು ನಮಗೆ ಸುಲಭ. ಹಸಿದವರ ಮನೆಯಲ್ಲಿ ಎಷ್ಟು ಬಾಳೂಗಳು ರೋಲರ್ ಎಳೆಯುತ್ತಲೇ ಮುದುಕರಾದರೋ ಯಾರು ಬಲ್ಲರು?

ಪ್ರಶ್ನೆ ಕೇಳಿದ್ದ ಹುಡುಗ ಕೊನೆಯವರೆಗೂ ಸುಮ್ಮನೆ ಕೇಳಿದ. ಆಮೇಲೆ, ಅವರು ಒಟ್ಟು ಎಷ್ಟು ವಿಕೆಟ್ ತೆಗೆದರು ಎಂದ. ಮೊದಲ ದರ್ಜೆಯ 33 ಪಂದ್ಯಗಳಲ್ಲಿ 179, ಸರಾಸರಿ 15 ಓಟಕ್ಕೆ ಒಂದು ಎಂದು ನಾನು ಹೇಳಿದೆ. ಲೆಕ್ಕ ಯಾವ ವಯಸ್ಸಿನಿಂದ ಎಂದು ಅವನು ಮತ್ತೆ ಕೇಳಿದ. 1905ರಿಂದ ಈಚೆಗೆ, ಅಂದರೆ 29 ತುಂಬಿದ ಮೇಲಿನದು. ಅದಕ್ಕೆ ಮುಂಚಿನ ಹದಿನಾಲ್ಕು ಹದಿನೈದು ವರ್ಷಗಳದು, ಪುಣೆಯ ಬಲೆಯಲ್ಲಿ ಎಂಟಾಣೆಗೆ ಬಿದ್ದವುಗಳದು, ಯಾರೂ ಬರೆದಿಟ್ಟಿಲ್ಲ.